ಕೈ ತೊಳೆಯುವ ಮುನ್ನ

ಕೈ ತೊಳೆದುಕೊಳ್ಳಲು ಕಾಕಾಗೆ ಒಂದು ಚೊಂಬು ನೀರು ಸಾಕಾಗುತ್ತಿರಲಿಲ್ಲ. ಮಾನ್ವಿಯ ನಮ್ಮ ಬಾಡಿಗೆ ಮನೆಯ ಹೊಸ್ತಿಲ ಪಕ್ಕದಲ್ಲಿ ಒಂದು ಚಪ್ಪಡಿ ಕಲ್ಲಿತ್ತು. ಅದರ ಮುಂದೆ ಬಾಗಿ ನಿಂತು ಅವರು ಎರಡೂ ಅಂಗೈ ಚಾಚುತ್ತಿದ್ದರು, ನಾನು ನೀರು ಹೊಯ್ಯಬೇಕಿತ್ತು. ಹಗ್ಗ ಎಳೆದೆಳೆದು ಆ ಅಂಗೈಗಳು ಎತ್ತಿನ ಗೊರಸಿನಂತೆ ಗಟ್ಟಿಯಾಗಿದ್ದವು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಳದಿ ಬಣ್ಣದ ಜಡ್ಡು. ನಳಕ್ಕೆ ದಿನ ಬಿಟ್ಟು ದಿನ ನೀರು ಬರುವ ನಮ್ಮ ಓಣಿಯಲ್ಲಿ ಯಾರೂ ಕೈಗೆ ಅಷ್ಟು ನೀರು ಸುರಿಯುತ್ತಿರಲಿಲ್ಲ. ಅವ್ವ ಮಾತ್ರ ಒಳಗಿನಿಂದ, "ಇನ್ನಷ್ಟು ಹಾಕವ್ವ ಕಾಕಾಗ," ಅನ್ನುತ್ತಿದ್ದಳು.

ಕಾಕಾ ನಮಗೆ ಸಂಬಂಧಿಕರಲ್ಲ. ಅವರು ಅಪ್ಪನ ಬಾಲ್ಯದ ಗೆಳೆಯ. ದೇವದುರ್ಗದ ಕಡೆಯ ಒಂದೇ ಹಳ್ಳಿಯಿಂದ ಇಬ್ಬರೂ ಮಾನ್ವಿಗೆ ಬಂದವರು. ಅಪ್ಪ ಸರ್ಕಾರಿ ಹೈಸ್ಕೂಲಿನಲ್ಲಿ ಜವಾನರಾದರು, ಕಾಕಾ ಬಸ್ ಸ್ಟ್ಯಾಂಡ್ ಹಿಂದೆ ಶಾಮಿಯಾನದ ಅಂಗಡಿ ಇಟ್ಟರು. ಸಿರವಾರ, ಪೋತ್ನಾಳದವರೆಗೂ ಮದುವೆಯಿರಲಿ, ಮಕ್ಕಳ ಜವಳವಿರಲಿ, ಅವರದೇ ಕೆಂಪು-ಹಳದಿ ಬಟ್ಟೆಯ ನೆರಳು. ಹಣೆಗೆ ಮೂರು ಬೆರಳಿನ ವಿಭೂತಿ, ಹೆಗಲ ಮೇಲೆ ಟವೆಲು, ಜೇಬಿನಲ್ಲಿ ಸದಾ ಒಂದು ತುಂಡು ಹಗ್ಗ. ಮಾತಾಡುವಾಗ ಆ ಹಗ್ಗ ಅವರ ಬೆರಳಲ್ಲಿ ತಾನೇ ಗಂಟಾಗುತ್ತಿತ್ತು, ತಾನೇ ಬಿಚ್ಚಿಕೊಳ್ಳುತ್ತಿತ್ತು.

ವಾರದಲ್ಲಿ ಎರಡು ಮೂರು ಸಲವಾದರೂ ಅವರು ನಮ್ಮ ಮನೆಗೆ ಬರುತ್ತಿದ್ದರು. ಬರುವುದು ಊಟದ ಹೊತ್ತಿಗೇ. ಅವ್ವ ಹಂಚಿನ ಮೇಲೆ ಕೊನೆಯ ರೊಟ್ಟಿ ಹಾಕಿದಾಗ ಸೈಕಲ್ಲಿನ ಗಂಟೆ ಕೇಳುತ್ತಿತ್ತು. ಚಪ್ಪಲಿ ಬಿಡುತ್ತಲೇ, "ನೀರು ತಾರವ್ವ ಮಗಳ," ಅನ್ನುತ್ತಿದ್ದರು. ಒಳಗೆ ಬಂದು, ಕೂತು, ಕ್ಷೇಮ ಕೇಳಿ, ಆಮೇಲೆ ಕೈ ತೊಳೆಯುವುದು ಎಲ್ಲರ ರೂಢಿ. ಕಾಕಾ ಮೊದಲು ಕೈ ತೊಳೆದೇ ಒಳಗೆ ಬರುತ್ತಿದ್ದರು. ಎಷ್ಟು ಶುಚಿಯ ಮನುಷ್ಯ ಅಂತ ನಾನು ಮೆಚ್ಚಿಕೊಂಡಿದ್ದೆ.

ಅವರ ಮೇಲೆ ನನಗೆ ಎಷ್ಟು ಜೀವವಿತ್ತೆಂದು ಈಗ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಾಗರ ಪಂಚಮಿಗೆ ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಿದ್ದವರು ಅವರು. ಬೇರೆ ಮಕ್ಕಳಿಗೆ ಹಳೆ ಹಗ್ಗ, ನನಗೆ ಅಂಗಡಿಯ ಹೊಸ ಹಗ್ಗ. ಮದುವೆಗಳಲ್ಲಿ ಉಳಿದ ಗೋಧಿ ಹುಗ್ಗಿಯನ್ನು ಡಬ್ಬಿಯಲ್ಲಿ ತರುತ್ತಿದ್ದರು. ಎಷ್ಟು ಜಗ್ಗಿದರೂ ಬಿಗಿಯಾಗುವ, ಒಂದೇ ಎಳೆತಕ್ಕೆ ಬಿಚ್ಚುವ ಶಾಮಿಯಾನದ ಗಂಟನ್ನು ನನಗೆ ಕಲಿಸಿದರು. "ಗಾಳಿ ಬಂದಾಗ ಹಿಡೀಬೇಕು, ನಾವು ಹೇಳಿದಾಗ ಬಿಡಬೇಕು. ಅದು ಗಂಟು," ಅಂದಿದ್ದರು. ಈಗಲೂ ನನ್ನ ಮನೆಯ ಬಟ್ಟೆ ಒಣಗಿಸುವ ಹಗ್ಗಕ್ಕೆ ಅದೇ ಗಂಟು. ಬೇರೆ ಗಂಟು ನನಗೆ ಬರುವುದಿಲ್ಲ.

ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಮನೆಯಲ್ಲಿ ಕೈ ಬಿಗಿಯಾಯಿತು. ಅಪ್ಪನ ಪಗಾರದಲ್ಲಿ ಪತ್ತಿನ ಸಂಘದವರು ಪ್ರತಿ ತಿಂಗಳು ಮೊದಲೇ ಸಾಲದ ಕಂತು ಹಿಡಿದುಕೊಂಡು ಉಳಿದದ್ದು ಕೊಡುತ್ತಿದ್ದರು. ಸೋನಾ ಮಸೂರಿ ಬೆಳೆಯುವ ಸೀಮೆಯಲ್ಲಿದ್ದು ನಾವು ರೈಸ್ ಮಿಲ್ಲಿನ ಹಿಂಬಾಗಿಲಲ್ಲಿ ನುಚ್ಚು ತರುತ್ತಿದ್ದೆವು. ಚಹಾಕ್ಕೆ ಹಾಲು ನಿಂತಿತು, ಆಮೇಲೆ ಸಕ್ಕರೆ ಹೋಗಿ ಬೆಲ್ಲ ಬಂತು. ವಾರದಲ್ಲಿ ನಾಲ್ಕು ದಿನ ಹುಳಿ ಸೊಪ್ಪಿನ ಪುಂಡಿಪಲ್ಯ. ಅವ್ವನ ಹಳೆ ಸೀರೆಯಿಂದ ನನಗೆ ಲಂಗ, ಲಂಗ ಸವೆದರೆ ಚೀಲ, ಚೀಲ ಹರಿದರೆ ಒಲೆ ಅರಿವೆ. ಹಿಟ್ಟಿನ ಗಿರಣಿಗೆ ಕೊಡುವ ದುಡ್ಡು ಉಳಿಸಲು ಅವ್ವ ಮನೆಯಲ್ಲೇ ಜೋಳ ಬೀಸತೊಡಗಿದಳು. ನನಗೆ ಇದೆಲ್ಲದರ ಕಾರಣ ಹೇಳಿದ್ದಿಷ್ಟು: ಅಜ್ಜನಿಗೆ ರಾಯಚೂರಿನ ದವಾಖಾನೆಯಲ್ಲಿ ಆಪರೇಷನ್ ಮಾಡಿಸಿದ ಸಾಲ.

ಅಜ್ಜ ಸತ್ತು ಹೋಗಿದ್ದ. ಗೋಡೆಯ ಮೇಲೆ ಅವನ ಫೋಟೋ ಇತ್ತು. ಇಷ್ಟು ಸಾಲ ಮಾಡಿಸಿಯೂ ಬದುಕಲಿಲ್ಲವಲ್ಲ ಎಂದು ನನಗೆ ಅವನ ಮೇಲೆ ಸಿಟ್ಟು. ಹಬ್ಬದ ದಿನ ಆ ಫೋಟೋಕ್ಕೆ ಹೂವು ಹಾಕು ಅಂದರೆ ನಾನು ಕೇಳದ ಹಾಗೆ ಇದ್ದುಬಿಡುತ್ತಿದ್ದೆ. ಅವ್ವ ನೋಡಿಯೂ ನೋಡದಂತೆ ತಾನೇ ಹಾಕುತ್ತಿದ್ದಳು.

ಬಿಗಿ ಇದ್ದರೂ ಕಾಕಾನ ತಾಟಿಗೆ ಯಾವ ಕೊರತೆಯೂ ಇರಲಿಲ್ಲ. ನಮಗೆ ನುಚ್ಚಾದರೆ ಅವರಿಗೆ ಅಕ್ಕಿ, ನಮಗೆ ಒಣ ರೊಟ್ಟಿಯಾದರೆ ಅವರದಕ್ಕೆ ಬೆರಳ ತುದಿಯಷ್ಟು ತುಪ್ಪ. ಅವರು ಉಂಡು, ಮಜ್ಜಿಗೆ ಎರಡನೇ ಸಲ ಕೇಳಿ, "ಯವ್ವಾ, ಇಷ್ಟರಾಗ ಇಷ್ಟು ರುಚಿ ಹೆಂಗ ಮಾಡ್ತೀಬೇ ನೀ? ನಮ್ಮನ್ಯಾಗ ಇದ್ದಷ್ಟೂ ಸುರೀತಾರ, ನಾಲಿಗಿಗೆ ಹತ್ತಂಗಿಲ್ಲ," ಅನ್ನುತ್ತಿದ್ದರು. ಅವ್ವನ ಮುಖ ಅರಳುತ್ತಿತ್ತು.

ಇಲ್ಲಿ ಅವ್ವನ ಒಂದು ಕಟ್ಟಳೆಯ ಬಗ್ಗೆ ಹೇಳಬೇಕು. ಅದು ದೇವದುರ್ಗದ ಕಡೆಯ ಅವಳ ತವರಿನಿಂದ ಬಂದದ್ದು. ನಾನು ಚಿಕ್ಕವಳಿದ್ದಾಗ ಪಕ್ಕದ ಮನೆಯಾಕೆ ನಮ್ಮಲ್ಲಿ ಊಟಕ್ಕೆ ಕೂತಿದ್ದಳು. ಅಕ್ಕಿ ಅಳೆಯುವ ನಮ್ಮ ಸೇರನ್ನು ಒಯ್ದು ಆಕೆ ತಿರುಗಿ ಕೊಟ್ಟಿರಲಿಲ್ಲ. "ನಮ್ಮ ಸೇರು ಯಾವಾಗ ಕೊಡ್ತೀರಿ?" ಅಂತ ಕೇಳಿಬಿಟ್ಟೆ. ಆಕೆ ಹೋದ ಮೇಲೆ ಅವ್ವ ನನ್ನ ತೊಡೆ ನೀಲಿಗಟ್ಟುವಂತೆ ಚಿವುಟಿದಳು. "ಕೈ ತೊಳಕೊಂಡು ಕುಂತೋರ್ಗೆ ಕೊಡೋದು ತಗೊಳ್ಳೋದು ಕೇಳಬಾರ್ದು. ಕೇಳೋದಿದ್ರ ಹೊಸ್ತಿಲದಾಗ ಕೇಳು, ನೀರು ಹಾಕೋಕಿಂತ ಮೊದ್ಲ. ನೀರು ಹಾಕಿದಿ ಅಂದ್ರ ಮುಗೀತು. ಉಂಡು ಹೋಗಾತನ ಅವರು ನಮ್ಮೋರು." ಅಪ್ಪನೂ ಈ ಕಟ್ಟಳೆ ಮೀರಿದ್ದನ್ನು ನಾನು ಕಾಣೆ. ಕಾಕಾ ಅದೇ ಸೀಮೆಯವರು, ಅವರಿಗೂ ಇದು ಚೆನ್ನಾಗಿ ಗೊತ್ತಿತ್ತು.

ಪಿ.ಯು.ಸಿ. ಮುಗಿದಾಗ ರಾಯಚೂರಿನಲ್ಲಿ ನನಗೆ ನರ್ಸಿಂಗ್ ಸೀಟು ಸಿಕ್ಕಿತು. ನಮ್ಮ ಮನೆತನದಲ್ಲಿ ಊರು ಬಿಟ್ಟು ಓದಲು ಹೊರಟ ಮೊದಲ ಹುಡುಗಿ ನಾನೇ. ಬಿಳಿ ಬಟ್ಟೆಯನ್ನು ಕನಸಿನಲ್ಲಿ ಹಾಕಿಕೊಂಡು ಓಡಾಡುತ್ತಿದ್ದೆ. ಮೊದಲ ವರ್ಷದ ಫೀಸು ಕಟ್ಟಲು ಅಪ್ಪ ಪತ್ತಿನ ಸಂಘದಲ್ಲಿ ಹೊಸ ಸಾಲ ಕೇಳಲು ಹೊರಟರು. ಸಹಿಗೆ ಬೇಕಾದೀತೆಂದು ನನ್ನನ್ನೂ ಕರೆದುಕೊಂಡು ಹೋದರು.

ಸಂಘದ ಕಾರ್ಯದರ್ಶಿ ಕನ್ನಡಕ ಹಣೆಗೇರಿಸಿ ಅಪ್ಪನನ್ನು ನೋಡಿದರು. "ಈಗಿಂದು ತೀರೋತನ ನಿಮಗ ಇನ್ನೊಂದು ಕೊಡಾಕ ಬರಂಗಿಲ್ರಿ. ನಿಮ್ಮ ಸ್ವಂತ ಸಾಲ ಇದ್ದಿದ್ರ ಹೆಂಗರ ಹೊಂದಿಸ್ತಿದ್ದೆ. ನೀವು ಆ ಶಾಮಿಯಾನದವನ ಸಾಲ ಹೊತ್ತೀರಿ. ಜಾಮೀನಿಗೆ ಸಹಿ ಹಾಕಿದ್ರಿ, ಅಂವ ಒಂದು ಕಂತೂ ಕಟ್ಟಲಿಲ್ಲ, ನಿಮ್ಮ ಪಗಾರಕ್ಕ ಬಿತ್ತು. ಅಂವ ನೋಡಿದ್ರ ಮನಿ ಮುಂದ ಗ್ರಾನೈಟ್ ಹಾಕಿಸ್ಯಾನ. ಹೋಗಿ ಅವನ್ನ ಕೇಳ್ರಿ."

ಆ ಗ್ರಾನೈಟ್ ಕಟ್ಟೆ ನನಗೆ ಗೊತ್ತಿತ್ತು. ಬೇಸಿಗೆಯಲ್ಲಿ ಅದರ ಮೇಲೆ ಕೂತರೆ ಎಷ್ಟು ತಂಪು ಅಂತ ಓಣಿಗೆಲ್ಲ ಹೇಳಿಕೊಂಡು ಬಂದವಳು ನಾನೇ.

ವಾಪಸು ಬರುವಾಗ ಅಪ್ಪ ನನಗೆ ಕಬ್ಬಿನ ಹಾಲು ಕೊಡಿಸಿದರು. ಆ ವರ್ಷಗಳಲ್ಲಿ ನಾವು ಅಂಥದ್ದನ್ನು ಕೊಂಡವರೇ ಅಲ್ಲ. ತಾವು ಕುಡಿಯಲಿಲ್ಲ. ಗ್ಲಾಸು ಖಾಲಿಯಾದ ಮೇಲೆ ಹೇಳಿದರು: "ನಮ್ಮವ್ವ ಸತ್ತಾಗ ನಾ ಸಣ್ಣಾಂವ. ಅವನ ಅವ್ವ ನನಗ ತಾಟು ಹಾಕಿ ಸಾಲಿ ಕಲಿಯಾಕ ಕಳಿಸಿದ್ಲು. ಅವನ ಮನ್ಯಾಗ ಉಂಡು ಬೆಳದಾಂವ ನಾನು. ಹೆಂಗ ಕೇಳ್ಲಿ?"

"ಅಜ್ಜನ ಆಪರೇಷನ್?" ಅಂದೆ.

"ಅದು ಸರ್ಕಾರಿ ದವಾಖಾನ್ಯಾಗ ಆತು. ರೊಕ್ಕ ಹತ್ತಲಿಲ್ಲ."

ಅಪ್ಪ ಉಂಡ ಅನ್ನದ ಋಣಕ್ಕೆ ನನ್ನ ಸೀಟು ಹೋಗಬೇಕಿತ್ತೇ? ಅದಕ್ಕಿಂತ ನನಗೆ ಉರಿ ಹತ್ತಿದ್ದು ಬೇರೆಯದಕ್ಕೆ. ಮನೆಯಲ್ಲಿ ಇಬ್ಬರೂ ಸೇರಿ ನನ್ನ ಸಿಟ್ಟನ್ನು ಒಬ್ಬ ಸತ್ತ ಮುದುಕನ ಕಡೆ ತಿರುಗಿಸಿ, ನನ್ನ ಕೈಯಿಂದಲೇ ಆ ಮನುಷ್ಯನಿಗೆ ನೀರು ಹೊಯ್ಯಿಸಿದ್ದರು.

ಆ ಸಂಜೆಯೂ ಸೈಕಲ್ಲಿನ ಗಂಟೆ ಕೇಳಿತು. "ನೀರು ತಾರವ್ವ ಮಗಳ." ನಾನು ಚೊಂಬು ತಂದೆ. ಕಾಕಾ ಚಪ್ಪಡಿ ಕಲ್ಲಿನ ಮುಂದೆ ಬಾಗಿ ಅಂಗೈ ಚಾಚಿದರು. ನಾನು ಹೊಯ್ಯಲಿಲ್ಲ. ಅವರು ಶಾಮಿಯಾನದ ಮಾತಾಡುತ್ತ ಬಾಗಿಯೇ ಇದ್ದರು. ನೀರು ಬೀಳದಿದ್ದಾಗ ತಲೆ ಎತ್ತಿದರು.

"ಕಾಕಾ, ಕೈ ತೊಳಕೊಳ್ಳೋಕಿಂತ ಮೊದ್ಲ ಒಂದು ಮಾತು. ಸಂಘದ ಸಾಲ ಯಾರ್ದು?"

ಅವರ ಮುಖದಲ್ಲಿ ನನಗೆ ಅಂಜಿಕೆ ಕಾಣಲಿಲ್ಲ, ನಾಚಿಕೆಯೂ ಕಾಣಲಿಲ್ಲ. ಅವರು ಬಾಗಿಲ ಕಡೆ, ಅವ್ವನ ಕಡೆ ನೋಡಿದರು, ಅಷ್ಟೇ. ಅವ್ವ ಬಂದು ನನ್ನ ಕೈಯಿಂದ ಚೊಂಬು ಕಿತ್ತುಕೊಂಡು ತಾನೇ ಹೊಯ್ದಳು. ತುಂಬ ಹೊಯ್ದಳು. ನನಗೆ ಅಡುಗೆಮನೆ ತೋರಿಸಿ, "ನಡಿ ಒಳಗ. ತಾಟು ಹಾಕು," ಅಂದಳು.

ಅಪ್ಪ ಗೋಡೆಗೆ ಒರಗಿ ಕೂತಿದ್ದರು, ಏಳಲಿಲ್ಲ. ಕಾಕಾ ಎಂದಿನಂತೆ ಉಂಡರು. ಮಜ್ಜಿಗೆ ಎರಡನೇ ಸಲ ಕೇಳಿದರು. ನಾನು ಬಡಿಸಿದೆ. ಅವತ್ತು ಅವ್ವ ಕಿತ್ತುಕೊಂಡ ಚೊಂಬನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಮೋಸ ಮಾಡಿದವರು ಕಾಕಾ, ಸರಿ. ಆದರೆ ಹೊಸ್ತಿಲಲ್ಲಿ ಕೇಳು ಅಂತ ಹೇಳಿಕೊಟ್ಟವಳೇ ಹೊಸ್ತಿಲಲ್ಲಿ ನನ್ನ ಬಾಯಿ ಮುಚ್ಚಿಸಿದಳಲ್ಲ, ಅದಕ್ಕೆ ಏನನ್ನಬೇಕು?

ಅವರು ಬರುವುದು ಬಿಟ್ಟಾರೆಂದು ನಾನು ಅಂದುಕೊಂಡಿದ್ದೆ. ಬಿಡಲಿಲ್ಲ. ಮೂರು ದಿನಕ್ಕೆ ಮತ್ತೆ ಬಂದರು. ಬದಲಾದದ್ದು ಒಂದೇ. ಓಣಿಯ ತುದಿಯ ಕೈಪಂಪಿನಲ್ಲಿ ಕೈ ತೊಳೆದುಕೊಂಡು, ನೀರು ತೊಟ್ಟಿಕ್ಕುವ ಅಂಗೈಗಳನ್ನು ಎದುರಿಗೆ ಹಿಡಿದು ಬಾಗಿಲಲ್ಲಿ ನಿಂತರು. "ತೊಳಕೊಂಡೇ ಬಂದೀನವ್ವ," ಅಂದರು. ಮುಂದೆ ಎಷ್ಟೋ ವರ್ಷ ಹಾಗೇ ಬಂದರು. ನಾನು ಚೊಂಬು ಹಿಡಿಯುವ ಪ್ರಮೇಯವೇ ಬರಲಿಲ್ಲ.

ಸೀಟು ಹೋಯಿತು. ಮಾನ್ವಿಯ ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ಮಾಡಿದೆ, ಬಿ.ಇಡಿ. ಆಮೇಲೆ ಹೇಗೋ ಆಯಿತು. ಈಗ ರಾಯಚೂರಿನ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತೇನೆ. ಕೆಟ್ಟ ಬದುಕೇನಲ್ಲ. ಆದರೆ ದವಾಖಾನೆಯ ಮುಂದೆ ಬಿಳಿ ಬಟ್ಟೆಯ ಹುಡುಗಿಯರು ಆಟೋ ಇಳಿಯುವಾಗ ನಾನು ಬೇರೆ ಕಡೆ ನೋಡುತ್ತೇನೆ. ಅಪ್ಪ ನಿವೃತ್ತರಾಗುವ ಮೊದಲು ಆ ಸಾಲ ತೀರಿತು. ತೀರಿದ ದಿನ ಅವ್ವ ಗೋಧಿ ಹುಗ್ಗಿ ಮಾಡಿದಳು. ಊಟಕ್ಕೆ ಯಾರು ಬಂದಿದ್ದರೆಂದು ಬೇರೆ ಹೇಳಬೇಕಿಲ್ಲ. ಹಿಗ್ಗಿದ್ದ ಅಪ್ಪನಿಗೆ ಅವರೇ ತಮ್ಮ ಕೈಯಾರೆ ಹುಗ್ಗಿ ತಿನ್ನಿಸಿದರು.

ಊರಿಗೆ ಕಲ್ಯಾಣ ಮಂಟಪಗಳು ಬಂದ ಮೇಲೆ ಶಾಮಿಯಾನ ಕೇಳುವವರು ಕಡಿಮೆಯಾದರು. ಕಾಕಾ ಅಂಗಡಿ ಮುಚ್ಚಿದರು. ಕಳೆದ ವರ್ಷ ರಾಯಚೂರಿನ ದವಾಖಾನೆಗೆ ತೋರಿಸಿಕೊಳ್ಳಲು ಬಂದವರು ವಿಳಾಸ ಕೇಳಿಕೊಂಡು ನನ್ನ ಮನೆಗೆ ಬಂದರು. ಒಬ್ಬರೇ ಬಂದಿದ್ದರು. ಊಟದ ಹೊತ್ತು ಮೀರಿ, ಬಿಸಿಲು ಇಳಿಯುವ ಸಮಯ. ಕಾಲು ಬಾತಿತ್ತು, ಟವೆಲಿನಲ್ಲಿ ಬಸ್ಸಿನ ಧೂಳು. ನಾನು ಹಳೆಯ ರೂಢಿಯಂತೆ ಚೊಂಬು ತೆಗೆದುಕೊಂಡು ಹೋದೆ.

ಅವರು ಅಂಗೈ ಚಾಚಿದರು. ಒಣಗಿದ ಕೈ, ಧೂಳಿನ ಕೈ. ಹಗ್ಗ ಹಿಡಿಯುವುದು ಬಿಟ್ಟು ಜಡ್ಡೆಲ್ಲ ಹೋಗಿ ಚರ್ಮ ಮಕ್ಕಳದ್ದರಂತೆ ಮೆತ್ತಗಾಗಿತ್ತು. ನಾನು ಚೊಂಬು ಬಾಗಿಸುವಷ್ಟರಲ್ಲಿ, "ತಡಿಯವ್ವ. ನೀರು ಆಮ್ಯಾಲ ಹಾಕು," ಅಂದರು. "ಆವತ್ತ ನೀ ಒಂದು ಮಾತು ಕೇಳಿದ್ದಿ. ಈಗ ಕೇಳು. ನಾ ಹೇಳಾಕಂತನ ಬಂದೀನಿ."

ನನಗೆ ಎಲ್ಲ ಅರ್ಥವಾಯಿತು. ನಾನು ಕೇಳಿದರೆ ಅವರು ಹೇಳುತ್ತಾರೆ, ಹೇಳುತ್ತ ಅಳುತ್ತಾರೆ, ಅತ್ತು ಹಗುರಾಗಿ ಬಸ್ಸು ಹತ್ತುತ್ತಾರೆ. ಇಷ್ಟು ವರ್ಷ ನಾನು ಹೊತ್ತದ್ದನ್ನು ಒಂದು ಮಾತಿನಲ್ಲಿ ಇಳಿಸಿಟ್ಟು ಹೋಗುತ್ತಾರೆ. ಅವರ ಎದುರು ಬಾಗಿಲಲ್ಲಿ ನಿಂತು ನಾನು ಆ ಹಳೆಯ ಕೈಪಂಪನ್ನು ನೆನೆದೆ.

ನೀರು ಹೊಯ್ದೆ. ಧಾರಾಳವಾಗಿ ಹೊಯ್ದೆ. ಅವರು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನೀರು ಬೆರಳ ಸಂದಿಯಿಂದ ಇಳಿಯುವುದನ್ನು ನೋಡುತ್ತ ನಿಂತರು, ಆಮೇಲೆ ನಿಧಾನವಾಗಿ ಕೈ ಉಜ್ಜಿಕೊಂಡರು.

"ಬರ್ರಿ ಕಾಕಾ, ಊಟಕ್ಕ ಕುಂದರ್ರಿ," ಅಂದೆ.

ಉಂಡರು. ಮಜ್ಜಿಗೆಯನ್ನು ಒಂದೇ ಸಲ ಹಾಕಿಸಿಕೊಂಡರು. ಹೊರಡುವಾಗ ನನ್ನ ತಲೆ ಮುಟ್ಟಲು ಕೈ ಎತ್ತಿ, ಮುಟ್ಟದೆ ಇಳಿಸಿದರು. "ನೀರು ಹಾಕೋ ಕೈ ನಿನಗ ನಿಮ್ಮವ್ವಂದ ಬಂದದ," ಅಂದರು. ಅದಕ್ಕಿಂತ ಕೆಟ್ಟ ಮಾತನ್ನು ನನಗೆ ಯಾರೂ ಅಂದಿಲ್ಲ.

ತಿಂಗಳೊಪ್ಪತ್ತಿನಲ್ಲಿ ಅವರು ತೀರಿಕೊಂಡರು. ಅಪ್ಪ ಹೆಗಲು ಕೊಟ್ಟು ಬಂದರಂತೆ. ನಾನು ಶಾಲೆಗೆ ರಜೆಯಿಲ್ಲವೆಂದು ಸುಳ್ಳು ಹೇಳಿ ಮಣ್ಣಿಗೆ ಹೋಗಲಿಲ್ಲ. ಅವ್ವ ಫೋನಿನಲ್ಲಿ ಅಳುತ್ತಿದ್ದಳು. ಅವಳಿಗೆ ಎಲ್ಲ ಹೇಳಿದೆ: ಕಾಕಾ ಬಂದದ್ದು, ನೀರು ಆಮೇಲೆ ಹಾಕು ಎಂದದ್ದು, ಕೇಳು ಕೇಳು ಎಂದದ್ದು, ನಾನು ಕೇಳದೆ ಇದ್ದದ್ದು. ಅವಳು ಅಳು ನಿಲ್ಲಿಸಿ ಕೇಳಿಸಿಕೊಂಡಳು. ಈಗಲಾದರೂ ನನ್ನ ಬಗ್ಗೆ ಒಂದು ಮಾತು ಅಂದಾಳೆಂದು ನಾನು ಫೋನು ಕಿವಿಗೆ ಒತ್ತಿ ಹಿಡಿದೆ.

"ಊಟಕ್ಕ ಏನ್ ಹಾಕಿದ್ದಿ?" ಅಂದಳು.

"ಅನ್ನ, ಪುಂಡಿಪಲ್ಯ."

"ತುಪ್ಪ?"

"ಹಾಕಿದ್ದೆ."

"ಹಾಂ," ಅಂದಳು ಅವ್ವ. ಫೋನು ಇಟ್ಟಳು.