ಎಂಟು ಸಾಲಿನ ಪಟ್ಟಿ

ಮೈಸೂರಿನಲ್ಲಿ ಮನಶ್ಶಾಸ್ತ್ರದ ಎಂ.ಎ. ಓದುತ್ತಿದ್ದಾಗ ನನ್ನ ಪ್ರಬಂಧದ ವಿಷಯ, ಗುಂಪಿನಲ್ಲಿ ಕೆಲಸ ಮಾಡುವವರ ವೇಗ. ಕೊಪ್ಪದವನಾದ ನನಗೆ ಗೊತ್ತಿದ್ದ ಗುಂಪೆಂದರೆ ಅಡಿಕೆ ಸುಲಿಯುವ ಹೆಂಗಸರು. ಮುತ್ತಿನಕೊಪ್ಪದ ಹತ್ತಿರ ಪರಿಚಯದ ಬೆಳೆಗಾರರೊಬ್ಬರ ಚಪ್ಪರದಲ್ಲಿ ಒಂಬತ್ತು ಮಂದಿ ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುತ್ತಿದ್ದರು. ಗಡಿಯಾರ, ಸೇರು, ನೋಟುಬುಕ್ಕು ಹಿಡಿದು ನಾನೂ ಎದುರಿಗೆ ಕೂತೆ.

ನಾಲ್ಕು ದಿನ ಅಳೆದರೂ ಒಂಬತ್ತು ಬುಟ್ಟಿಯೂ ಹೆಚ್ಚುಕಡಿಮೆ ಒಂದೇ. ಇದೆಂಥ ಅಂಕಿ! ಸಂಖ್ಯಾಶಾಸ್ತ್ರದ ಪ್ರಕಾರ ಮನುಷ್ಯರಲ್ಲಿ ವ್ಯತ್ಯಾಸ ಇರಲೇಬೇಕು. ಐದನೆಯ ದಿನ ಕಣ್ಣಿಟ್ಟು ನೋಡಿದಾಗ ತಿಳಿಯಿತು. ನಡುವೆ ಕೂತಿದ್ದ ಮುದುಕಿಯ ಕೈ ನಡುಗುತ್ತಿತ್ತು. ಎರಡೂ ಪಕ್ಕದವರು ಮಾತಾಡುತ್ತಲೇ ಅವಳ ಬುಟ್ಟಿಗೆ ಆಗಾಗ ಒಂದೊಂದು ಹಿಡಿ ಸುರಿಯುತ್ತಿದ್ದರು. ಅವಳನ್ನು ಯಾವಾಗಲೂ ನಡುವೆ ಕೂರಿಸುತ್ತಿದ್ದುದು ಅದಕ್ಕೇ.

ಅದನ್ನೇ ಬರೆದಿದ್ದರೆ ಒಳ್ಳೆಯ ಪ್ರಬಂಧವಾಗುತ್ತಿತ್ತು. ಓದಿ ಓದಿ ಮರುಳಾದ ಕೂಚುಭಟ್ಟ ನಾನು. ನನಗೆ ಕಂಡದ್ದು ಲೆಕ್ಕ ಕೆಡಿಸುವ ಕಳ್ಳಾಟ. ಎಲ್ಲರನ್ನೂ ಒಂದೊಂದು ಮಾರು ದೂರ ಕೂರಿಸಿ, ಇನ್ನೊಬ್ಬರ ಬುಟ್ಟಿ ಮುಟ್ಟಬಾರದೆಂದೆ. ಯಜಮಾನರ ಕಡೆಯವನೆಂದು ಎಲ್ಲರೂ ಹೇಳಿದಲ್ಲೇ ಕೂತರು. ಮುದುಕಿಯ ಬುಟ್ಟಿ ಮಾತ್ರ ಅರ್ಧಕ್ಕೇ ನಿಂತಿತು. ಅದನ್ನು ಪಟ್ಟಿಗೆ ಬರೆಯುತ್ತಿದ್ದಾಗ ಅವಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಅಯ್ಯಾ, ಇದನ್ನ ಯಜಮಾನ್ರಿಗೆ ತೋರಿಸ್ತೀರಾ?"

ಇಲ್ಲ, ಇದು ಯೂನಿವರ್ಸಿಟಿಗೆ ಮಾತ್ರ ಎಂದು ಮಾತು ಕೊಟ್ಟೆ.

ಹೊರಡುವ ದಿನ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಯಜಮಾನರು, ಎಂತ ಕಂಡುಹಿಡಿದೆ ಮಾರಾಯ ಎಂದು ತಮಾಷೆ ಮಾಡಿದರು. ನನ್ನ ಜಂಬಕ್ಕಿಷ್ಟು ಬೆಂಕಿ ಬೀಳಲಿ! ಪಟ್ಟಿ ಬಿಚ್ಚಿಟ್ಟು ಒಂದೊಂದೇ ಸಾಲು ವಿವರಿಸಿದೆ. ಮುದುಕಿಯದಾದ ಐದನೆಯ ಸಾಲಿನ ಮೇಲೆ ಅವರ ಬೆರಳು ನಿಂತಿತು. ಕೊಟ್ಟ ಮಾತು ನೆನಪಾದರೂ ನಾನು ಆರನೆಯ ಸಾಲು ವಿವರಿಸತೊಡಗಿದೆ.

ಮೈಸೂರಿನಲ್ಲಿ ಪ್ರೊಫೆಸರರು ಪಟ್ಟಿ ನೋಡಿ, ಈ ಒಂದು ಅಂಕಿ ಸರಾಸರಿಯನ್ನೇ ಕೆಳಗೆಳೆಯುತ್ತದೆ, ಬಿಟ್ಟುಬಿಡು ಎಂದರು. ಐದನೆಯ ಸಾಲನ್ನು ಹೊಡೆದುಹಾಕಿದೆ. ಪ್ರಬಂಧಕ್ಕೆ ಮೊದಲ ದರ್ಜೆ ಬಂತು.

ಮರುವರ್ಷ ಅಡಿಕೆ ಸುಲಿಯುವ ಕಾಲದಲ್ಲಿ ನರಸಿಂಹರಾಜಪುರಕ್ಕೆ ಹೊರಟವನು ಮುತ್ತಿನಕೊಪ್ಪದಲ್ಲಿ ಬಸ್ಸಿಳಿದೆ. ಚಪ್ಪರದಲ್ಲಿ ಎಂಟೇ ಮಂದಿ. ನಾನು ಕೂರಿಸಿದ ಹಾಗೆಯೇ ಒಂದೊಂದು ಮಾರು ದೂರ ಕೂತಿದ್ದರು. ಯಜಮಾನರಿಗೆ ನನ್ನ ಪದ್ಧತಿ ಹಿಡಿಸಿತ್ತು. ಮುದುಕಿ ಎಲ್ಲಿ ಎಂದು ಕೇಳಿದೆ. ಈ ಸಲ ಅವಳನ್ನು ಕರೆಯಲಿಲ್ಲವಂತೆ, ನೆಮ್ಮಾರಿನಲ್ಲಿ ತಂಗಿಯ ಮನೆಯ ಮೂಲೆ ಸೇರಿದ್ದಾಳಂತೆ. ಹಿಂದೆ ಅವಳ ಪಕ್ಕದಲ್ಲಿ ಕೂರುತ್ತಿದ್ದವಳು ಕತ್ತಿಯಿಂದ ಕಣ್ಣೆತ್ತದೆ ಹೇಳಿದಳು:

"ಅವಳ ಕೈ ನಿಧಾನ ಅಂತ ನಮಗೆ ಗೊತ್ತಿರ್ಲಿಲ್ಲ ಅಂದ್ಕೊಂಡ್ರಾ ಅಯ್ಯಾ?"

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನೆಮ್ಮಾರಿಗೆ ಹೋಗಿ ಅವಳ ಮುಖ ನೋಡುವ ಧೈರ್ಯವೂ ಬರಲಿಲ್ಲ. ಅವಳ ಅನ್ನ ಕಿತ್ತುಕೊಂಡ ಆ ಅಂಕಿ ಕೊನೆಗೆ ನನಗೂ ಬೇಕಾಗಲಿಲ್ಲವಲ್ಲ ಎನ್ನುವುದು ಇವತ್ತಿಗೂ ಚುಚ್ಚುತ್ತದೆ. ಪ್ರಬಂಧ ಕಪಾಟಿನಲ್ಲಿದೆ. ಅದರಲ್ಲೂ ಎಂಟೇ ಸಾಲು.