ಸೋಮವಾರದ ನೀಲಿ

ನಮ್ಮ ಕಾಕುವಿನ, ಅಂದರೆ ಚಿಕ್ಕಮ್ಮನ, ಕಾಲು ‘ಇದ್ದಕ್ಕಿದ್ದಂತೆ’ ಹೋಯಿತು ಎಂದು ಮನೆಯವರೆಲ್ಲ ಹೇಳುತ್ತಾರೆ. ವಿಜಾಪುರದ ನೆಂಟರಿಗೂ ಇದೇ ಕತೆ, ನೆರೆಯವರಿಗೂ ಇದೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾಲಿಗೆ ಹರಿತ ಮಾಡಿಕೊಂಡವಳು ನಾನು. ಒಂದು ಶಬ್ದ ಹೀಗೆ ಯಾರ ತಕರಾರೂ ಇಲ್ಲದೆ ಓಡಾಡುತ್ತಿದ್ದರೆ ನನಗೆ ತಡೆಯುವುದಿಲ್ಲ. ಮೊನ್ನೆ ನಾನು ಪಾಠ ಹೇಳುವ ಕಾಲೇಜಿನ ಪ್ರಯೋಗಾಲಯದ ಮುಂದೆ ಹೋಗುವಾಗ ಸ್ಪಿರಿಟ್ ದೀಪದ ವಾಸನೆ ಬಂತು. ನಿಮಗೆ ಆ ವಾಸನೆ ಬರೀ ರಸಾಯನಶಾಸ್ತ್ರ ಇರಬಹುದು. ನನಗೆ ಅದು ಮುಂಬಯಿಯ ಪರೇಲಿನ ಚಾಳು, ಮೂರನೆಯ ಮಾಳಿಗೆಯಲ್ಲಿ ಕೋಣೆಗಳ ಸಾಲಿನ ಮುಂದಿನ ಗ್ಯಾಲರಿ, ಸೋಮವಾರದ ಸಂಜೆ.

ಆಗ ಓದಲೆಂದು ನಾನು ಕಾಕಾನ ಒಂದೇ ಕೋಣೆಯ ಖೋಲಿಯಲ್ಲಿದ್ದೆ. ಕಾಕುವಿಗೆ ಸಕ್ಕರೆ ಕಾಯಿಲೆ. ರಕ್ತ ಪರೀಕ್ಷೆಗೆ ಆಸ್ಪತ್ರೆಗೇ ಹೋಗಿ ಅರ್ಧ ದಿನ ಸಾಲಿನಲ್ಲಿ ಕೂರಬೇಕು. ಮನೆಯಲ್ಲಿ ಆಗುವುದು ಮೂತ್ರದ್ದು ಮಾತ್ರ: ಗಾಜಿನ ನಳಿಗೆಯಲ್ಲಿ ನೀಲಿ ಔಷಧ, ಅದಕ್ಕೆ ಕೆಲವು ಹನಿ ಮೂತ್ರ, ಕುದಿಸಿ ಬಣ್ಣ ನೋಡುವುದು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ ದಾಟಿ ಇಟ್ಟಿಗೆಯ ಕೆಂಪಿಗೆ ಬಂತೆಂದರೆ ಗಂಡಾಂತರ. ಲಿಂಗಪೂಜೆಯ ಮನೆ, ಅಡುಗೆ ಒಲೆಯ ಮೇಲೆ ಅದನ್ನು ಕುದಿಸುವ ಮಾತೇ ಇಲ್ಲ. ಹಾಗಾಗಿ ಸ್ಪಿರಿಟ್ ದೀಪ, ಗ್ಯಾಲರಿಯ ಮೂಲೆ, ಸುತ್ತ ಪ್ರೇಕ್ಷಕರು. ಪಕ್ಕದ ಖೋಲಿಯ ಮಾವಶಿ ಮರಾಠಿಯಲ್ಲಿ ಇವತ್ತು ಯಾವ ಬಣ್ಣ ಎಂದು ಕೇಳುವಳು. ಕಾಕಾ ನಳಿಗೆಯನ್ನು ಬೆಳಕಿಗೆ ಹಿಡಿದು, “ನಿಳಾ! ಏಕದಂ ನಿಳಾ!” ಎನ್ನುವರು, ತಾವೇ ಪರೀಕ್ಷೆ ಪಾಸಾದವರಂತೆ.

ಕಾಕಾ ದಾದರಿನ ಬಟ್ಟೆ ಅಂಗಡಿಯಲ್ಲಿ ನೌಕರರು. ಸೋಮವಾರ ಅಂಗಡಿಗೆ ರಜೆ. ಆದ್ದರಿಂದ ಪರೀಕ್ಷೆ ಸೋಮವಾರ. ಸೋಮವಾರವೇ ಕಾಕುವಿನ ಉಪವಾಸ, ಸಂಜೆ ಪೂಜೆ ಆಗುವತನಕ ಬರೀ ನೀರು. ಮಿಕ್ಕ ದಿನಗಳಲ್ಲಿ ಆಕೆ ಎಲ್ಲರಂತೆ ಉಣ್ಣುವಳು, ಬೆಲ್ಲದ ಚಹಾ ಕುಡಿಯುವಳು, ಚಾಳಿನ ಹೆಂಗಸರ ಜಂಪರು ಹೊಲಿಯುತ್ತ ಮಷೀನು ತುಳಿಯುವಳು. ಆ ದಿನಗಳಲ್ಲಿ ನಳಿಗೆ ಕಪಾಟಿನಲ್ಲಿ ಮಲಗಿರುತ್ತಿತ್ತು.

ಒಂದು ಸಂಜೆ ನಾನು ವಾದಕ್ಕಿಳಿದೆ.

“ಕಾಕಾ, ಕಾಕು ಮುಂಜಾನಿಂದ ಏನೂ ತಿಂದಿಲ್ಲ. ಸಕ್ಕರಿ ಎಲ್ಲಿಂದ ಬರಬೇಕು? ಬುಧವಾರ ನೋಡೂಣು.”

“ಬುಧವಾರ ಅಂಗಡಿ ಬಾಗಲಾ ನಿಮ್ಮಪ್ಪ ಬಂದು ತೆಗೀತಾನೇನು?”

“ನಾನ ಮಾಡ್ತೀನಿ.”

“ಮದುವಿ ಆಗೂ ಹುಡುಗಿ ಗ್ಯಾಲರ್ಯಾಗ ಕುಂತು ಉಚ್ಚಿ ಕುದಸ್ತಾಳಂತ! ನೋಡ್ರಪಾ ನಮ್ಮ ಹೈಕೋರ್ಟು!”

ಎಲ್ಲರೂ ನಕ್ಕರು. ಕಾಕುವೂ ನಕ್ಕಳು. “ಇರಲಿ ಬಿಡವಾ, ನೀಲಿ ಬರ್ತೈತಲ್ಲ,” ಎಂದಳು. ಸ್ಪರ್ಧೆಯಾಗಿದ್ದರೆ ಬಹುಮಾನ ನನಗೇ ಬರುತ್ತಿತ್ತು. ಚಾಳಿನಲ್ಲಿ ತೀರ್ಪುಗಾರರು ಇರುವುದಿಲ್ಲ.

ಅದಕ್ಕೂ ಮೊದಲಿನ ಒಂದು ಮಾತು ಹೇಳಬೇಕು. ಬಣ್ಣ ಬದಲಾದರೆ ಗುಳಿಗೆ ಸಾಲದು, ದಿನಾಲೂ ಸೂಜಿ ಚುಚ್ಚಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಮನೆಗೆ ಬಂದ ಕಾಕಾ ಅಂಗಿ ಕಳಚುತ್ತಲೇ, “ದಿನಾ ಸೂಜಿ ಅಂದ್ರ ಈ ಒಂದು ಖೋಲ್ಯಾಗ ಆಗೂದಲ್ಲ. ಊರಿಗೆ ಕಳಸ್ತೀನಿ, ಅವ್ವ ನೋಡ್ಕೋತಾಳ,” ಎಂದಿದ್ದರು. ಅವರದು ಸಿಟ್ಟೂ ಅಲ್ಲ, ಬೆದರಿಕೆಯೂ ಅಲ್ಲ; ಜಾಗದ ಲೆಕ್ಕ, ಅಷ್ಟೆ. ಕಾಕು ಮಾತ್ರ ಆ ಸಂಜೆ ಮಷೀನಿನ ಮುಂದಿನಿಂದ ಏಳಲೇ ಇಲ್ಲ. ಊರಿನ ಅತ್ತೆಯ ಮನೆಯಲ್ಲಿ ಎಷ್ಟೋ ವರ್ಷ ದುಡಿದು ಮುಂಬಯಿಗೆ ಬಂದವಳು. ಆ ಮಷೀನು ಇಲ್ಲಿಗೆ ಬಂದಮೇಲೆ ಕೊಂಡದ್ದು.

ನನ್ನ ವಾದವೆಲ್ಲ ಮುಗಿದ ಮೇಲೆ ಒಮ್ಮೆ ಚಪ್ಪಲಿ ಕಚ್ಚಿ ಕಾಕುವಿನ ಕಾಲಿನ ಹೆಬ್ಬೆರಳಿನ ಬದಿಗೆ ಗುಳ್ಳೆ ಎದ್ದಿತು. “ನೋವೇನಿಲ್ಲವಾ,” ಎಂದಳು, ಅದು ಒಳ್ಳೆಯ ಸುದ್ದಿ ಎಂಬಂತೆ. ನಾವೂ ಹಾಗೇ ತಿಳಿದೆವು; ಸಕ್ಕರೆ ಆಗಲೇ ಕಾಲಿನ ಸ್ಪರ್ಶವನ್ನು ತಿಂದಿತ್ತು. ಗುಳ್ಳೆ ಒಡೆಯಿತು, ಕಪ್ಪಾಯಿತು. ಕೊನೆಗೆ ಇಡೀ ಖೋಲಿ ನಾರತೊಡಗಿತು. ಆಕೆ ಊದಿನಕಡ್ಡಿ ಹಚ್ಚಿ ಹೊಲಿಯುತ್ತ ಕೂತಳು. ಆಸ್ಪತ್ರೆಯಲ್ಲಿ ರಕ್ತ ನೋಡಿದ ಡಾಕ್ಟರು, ಇದು ನಿನ್ನೆ ಮೊನ್ನೆಯದಲ್ಲ, ಬಹಳ ದಿನದ್ದು ಎಂದರು. “ಹರ್ ಹಫ್ತಾ ನೀಲಾ ಥಾ, ಸಾಬ್,” ವಾರವಾರವೂ ನೀಲಿಯೇ ಇತ್ತು ಎಂದರು ಕಾಕಾ. ಪರೀಕ್ಷೆಗೆ ಮುಂಚೆ ಏನು ತಿಂದಿರುತ್ತಿದ್ದರು ಎಂದು ಡಾಕ್ಟರು ಕೇಳಿದರು. ಕಾಕಾ ಗುಳಿಗೆಯ ಚೀಟಿ ತೆಗೆದು ಮುಂದೆ ಹಿಡಿದರು. ಆಸ್ಪತ್ರೆಯವರು ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು.

ಎದುರು ಪಕ್ಷದ ಮಾತನ್ನೂ ಹೇಳುವುದು ನ್ಯಾಯ. ರಕ್ತದಲ್ಲಿ ಸಕ್ಕರೆ ಮಿತಿಮೀರಿ ತುಂಬಿದ ಮೇಲೆಯೇ ಅದು ಮೂತ್ರಕ್ಕೆ ಇಳಿಯುವುದು. ನೀಲಿ ಬಂತೆಂದರೆ ರಕ್ತ ಚೆನ್ನಾಗಿದೆ ಎಂದೇನೂ ಅಲ್ಲ. ಬುಧವಾರ ನೋಡಿದ್ದರೆ ಕಾಲು ಉಳಿಯುತ್ತಿತ್ತೆ? ಗೊತ್ತಿಲ್ಲ. ಆದರೆ ‘ಇದ್ದಕ್ಕಿದ್ದಂತೆ’ ಎಂಬುದು ಸುಳ್ಳು. ಕಾಲು ವಾರವಾರವೂ ಹೋಗುತ್ತಿತ್ತು. ನಾವು ಅದು ಕಾಣಿಸದ ದಿನವನ್ನೇ ಹಿಡಿದು ನೋಡುತ್ತಿದ್ದೆವು.

ಈಗ ಮುಂಬಯಿ ಅಂಚಿನ ದಹಿಸರಿನಲ್ಲಿ ನೆಲ ಅಂತಸ್ತಿನ ಮನೆ, ಕಾಕು ಮೆಟ್ಟಿಲು ಹತ್ತುವಂತಿಲ್ಲವಲ್ಲ. ಕಳೆದ ಭಾನುವಾರ ಊರಿನ ನೆಂಟರ ಮುಂದೆ ಕಾಕಾ ಮತ್ತೆ ಅದೇ ಕತೆ ಹೇಳಿ, ಅವರನ್ನು ಸ್ಟೇಶನ್ನಿಗೆ ಬಿಡಲು ಹೋದರು. ಮಂಚದ ಮೇಲೆ ಕಾಕು ಹಳೆಯ ಜಂಪರೊಂದರ ಹೊಲಿಗೆ ಬಿಚ್ಚುತ್ತಿದ್ದಳು. ಇಷ್ಟು ವರ್ಷ ನಾನು ಮನಸ್ಸಿನಲ್ಲೇ ಕಾಕಾನ ಮೇಲೆ ಖಟ್ಲೆ ನಡೆಸಿದ್ದೆ. ಊರಿಗೆ ಕಳಿಸುವ ಮಾತು ಕೇಳಿ ಮಷೀನಿನ ಮುಂದಿನಿಂದ ಏಳದೆ ಕೂತ ಆಕೆಯನ್ನು ಏನೂ ಕೇಳಿರಲಿಲ್ಲ. ಹತ್ತಿರ ಕೂತೆ. ಗೆಲ್ಲುವ ಆಸೆ ಇರಲಿಲ್ಲ.

“ಕಾಕು, ಬುಧವಾರ ನೋಡಿದ್ರ ಕೆಂಪು ಬರ್ತೈತಿ ಅಂತ ನಿನಗ ಮೊದಲ ಗೊತ್ತಿತ್ತೇನು?”