ಮೂರು ಹೊಳೆಗೆ ಕಟ್ಟಿದ ಉಡಿ

ದೀಪಾವಳಿ ಕಳೆದ ಮೊದಲ ಭಾನುವಾರ ಬೆಳಿಗ್ಗೆ ಆರೂವರೆಗೆ ನಾನು ಮತ್ತು ಅವ್ವ ಆದೋನಿ ಬಸ್‌ಸ್ಟ್ಯಾಂಡಿನಲ್ಲಿ ಮೋಕಾ ಮೇಲೆ ಬಳ್ಳಾರಿಗೆ ಹೋಗುವ ಬಸ್ಸು ಹತ್ತಿದೆವು. ನನ್ನ ಚೀಲದಲ್ಲಿ ನೀರಿನ ಬಾಟಲಿ, ಮಡಚಿದ ಜಿಲ್ಲಾ ನಕಾಶೆ, ಪೆನ್ಸಿಲ್ಲು ಇದ್ದವು. ಅವ್ವನ ಮಡಿಲಲ್ಲಿ ಜೋಳದ ರೊಟ್ಟಿಯ ಗಂಟು, ಅದರ ಪಕ್ಕದಲ್ಲಿ ಕೆಂಪು ಬಟ್ಟೆಯ ಮೂರು ಪುಟ್ಟ ಗಂಟುಗಳು.

"ಇವೇನವ್ವ?" ಎಂದೆ.

"ಉಡಿ. ನೀ ಮೂರು ಹೊಳಿ ಅಂದಿ, ಮೂರು ಕಟ್ಟೀನಿ. ಓದಿದಾಕಿ ಮಾತು ತಪ್ಪತೈತೇನು?"

ಚುಚ್ಚುಮಾತು ನನಗೆ ತಾಗಿತು. ತಾಗಲಿ ಎಂದೇ ಆಡಿದ ಮಾತು ಅದು.

ನಾಲ್ಕು ದಿನದ ಹಿಂದಿನ ಸಂಗತಿ ಹೇಳಬೇಕು. ಆಂಧ್ರದ ಗಡಿಯ ಪೆದ್ದಹರಿವಾಣಂ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ನಾನು ಟೀಚರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನೇ, ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮಕ್ಕಳ ದಿನಾಚರಣೆಗೆಂದು ಶಾಲೆಯ ಗೋಡೆಯ ಮೇಲೆ ನಮ್ಮ ಸೀಮೆಯ ನದಿಗಳನ್ನು ಬರೆದಿದ್ದೆ. ಜಿಲ್ಲಾ ನಕಾಶೆಯಲ್ಲಿ ತುಂಗಭದ್ರೆ ಇತ್ತು, ಅದಕ್ಕೆ ಸೇರುವ ವೇದಾವತಿ ಇತ್ತು. ಬಳ್ಳಾರಿ ಕಡೆಯ ಅವ್ವನ ತವರಿನ ಹಗರಿ ಮಾತ್ರ ಇರಲಿಲ್ಲ. ರಾಜ್ಯದ ಗಡಿ ಬಂದಲ್ಲಿಗೆ ನಕಾಶೆ ಮುಗಿದು, ಆಚೆಗೆಲ್ಲ ಬರೀ ಬಿಳಿ ಕಾಗದ. ನಮ್ಮ ಹೊಳೆಯನ್ನು ಇವರು ಬಿಟ್ಟಿದ್ದಾರೆ ಎಂದು ಸಿಟ್ಟು ಬಂದು, ಆ ಬಿಳಿಯ ಜಾಗದಲ್ಲಿ ವೇದಾವತಿಯ ಪಡುವಲಿಗೆ ಹಗರಿಯನ್ನು ನಾನೇ ಎಳೆದೆ. ಚೆನ್ನಾಗಿಯೇ ಬಂದಿತ್ತು.

ನೋಡಲು ಬಂದ ಅವ್ವ ಗೆರೆಗಳ ಮೇಲೆ ಬೆರಳಿಟ್ಟು ಯಾವುದು ಏನೆಂದು ಕೇಳಿದಳು. ಆಮೇಲೆ, "ತವರಿಂದ ಇಲ್ಲಿಗಿ ಬರೂ ಮುಂದ ನಾ ಒಂದ ಹೊಳಿ ದಾಟೀನಿ. ನಿಮ್ಮಜ್ಜಿ ಒಂದ ಉಡಿ ಕಟ್ಟಿದ್ಳು. ಎರಡು ಇದ್ದಿದ್ರ ಎರಡು ಕಟ್ತಿದ್ಳು" ಎಂದಳು. ಮದುವೆಯಾಗಿ ಬರುವ ಹೆಣ್ಣು ದಾರಿಯಲ್ಲಿ ಸಿಗುವ ಪ್ರತಿ ಹೊಳೆಗೂ ಉಡಿ ಕೊಡಬೇಕು: ಅಕ್ಕಿ, ಒಣಕೊಬ್ಬರಿ, ಉತ್ತತ್ತಿ, ಅರಿಶಿಣದ ಕೊಂಬು, ಎಲೆ ಅಡಿಕೆ. ಹೊಳೆಗೆಂದು ಕಟ್ಟಿದ್ದನ್ನು ತಿರುಗಿ ಮನೆಗೆ ತರುವಂತಿಲ್ಲ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಆದರೂ ಮಕ್ಕಳ ಎದುರಿಗೆ, "ಕುರಿ ಕಾಯೋರಿಗಿ ನಕಾಶಿ ಏನ್ ತಿಳಿತೈತವ್ವ" ಎಂದುಬಿಟ್ಟೆ. ಅದಕ್ಕೇ ಈ ಪ್ರಯಾಣ. ಗೋಡೆಯ ಮೇಲೆ ಇರುವುದು ನಿಜವೆಂದು ಅವಳ ಕಣ್ಣಿಗೇ ತೋರಿಸಬೇಕಿತ್ತು.

ಬಸ್ಸು ಆದೋನಿ ದಾಟಿದ ಮೇಲೆ ಎರಡೂ ಕಡೆ ಹತ್ತಿ ಒಡೆದು ನಿಂತಿತ್ತು. ಹೆಂಗಸರು ಆಗಲೇ ಸೊಂಟಕ್ಕೆ ಸೀರೆ ಕಟ್ಟಿ ಬಿಡಿಸಲು ಇಳಿದಿದ್ದರು. ಮೊದಲು ವೇದಾವತಿ, ಅದರ ಆಚೆ ಹಗರಿ ಎಂದು ಅವ್ವನಿಗೆ ಹೇಳಿದ್ದೆ. ಸಣ್ಣ ಸೇತುವೆ ಬಂದಾಗಲೆಲ್ಲ ಅವಳು ಗಂಟಿಗೆ ಕೈ ಹಾಕುತ್ತಿದ್ದಳು.

"ಇದೇನಬೇ ನಿನ್ನ ವೇದಾವತಿ?"

"ಅದು ಹಳ್ಳ ಅವ್ವ."

"ಇದು?"

"ಕಾಲುವಿ."

"ಬರ್ಲಿ ಬಿಡು, ಬರ್ಲಿ. ದೂರದಾಕಿ, ಮೈ ಜಳಕ ಮಾಡಿ ಬರ್ತಾಳ."

ಮುಂದಿನ ಸೀಟಿನವರು ತಿರುಗಿ ನಕ್ಕರು. ಒಂದೂವರೆ ತಾಸಿನ ಮೇಲೆ ಅಗಲವಾದ ಮರಳು ಕಂಡಿತು, ಒಂದು ಮಗ್ಗುಲಿಗೆ ಮಾತ್ರ ನೀರು. ಅವ್ವ ಎದ್ದು ನಿಂತಳು. "ಹಗರಿ ಬಂತು. ಇಳಿ."

ಮೋಕಾದಲ್ಲಿ ಇಳಿದು ಹಿಂದಕ್ಕೆ ನಡೆದು ಹೊಳೆಗೆ ಹೋದೆವು. ಅವ್ವ ಮೊಣಕಾಲವರೆಗೆ ನೀರಿಗಿಳಿದು ಮೊದಲ ಉಡಿ ಬಿಟ್ಟಳು. ಬಟ್ಟೆಯನ್ನು ಮಾತ್ರ ಹಿಂಡಿ ಇಟ್ಟುಕೊಂಡಳು. ನಾನು ನಕಾಶೆ ಬಿಚ್ಚಿ ನೋಡಿದೆ. ವೇದಾವತಿ ದಾರಿಯಲ್ಲಿ ಸಿಗಲೇ ಇಲ್ಲ. "ಇನ್ನೂ ಕೆಳಗ ಐತಿ, ವಾಪಸ್ ಬರೂ ಮುಂದ ರಾರಾವಿ ಹತ್ರ ಸಿಗತೈತಿ" ಎಂದೆ. ಗಟ್ಟಿಯಾಗಿಯೇ ಹೇಳಿದೆ.

ಬಳ್ಳಾರಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಸಿರುಗುಪ್ಪದ ಬಸ್ಸು ಹಿಡಿದೆವು. ಕರ್ನಾಟಕದ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಕಂಡಕ್ಟರು ಅವ್ವನ ಆಧಾರ್ ಕಾರ್ಡು ತೆಗೆದುಕೊಂಡು, "ಹನುಮಂತಮ್ಮ..." ಎಂದು ಓದಿದ.

"ಅದು ಕಾರ್ಡಿನಾಗ. ಮಂದಿ ಎಲ್ಲಾ ಅಂಪವ್ವ ಅಂತಾರ."

"ಹೆಸರು ಯಾವ್ದರ ಇರ್ಲವ್ವ, ಕಾರ್ಡು ಆಂಧ್ರದ್ದೈತಿ. ಟಿಕೆಟ್ ತಗೋಬೇಕು."

"ನಾ ಹುಟ್ಟಿದ್ದು ಇದ ಬಳ್ಳಾರಿ ಸೀಮ್ಯಾಗಪ್ಪ!"

"ಹುಟ್ಟಿದ್ದು ಯಾರ್ ನೋಡ್ತಾರವ್ವ? ಕಾರ್ಡ್ ನೋಡ್ತಾರ."

ಎರಡು ಟಿಕೆಟ್ ತೆಗೆದುಕೊಂಡೆ. ಸಿರುಗುಪ್ಪದವರೆಗೂ ಅವ್ವ ಆ ಕಂಡಕ್ಟರನ ಮುಖ ನೋಡಲಿಲ್ಲ.

ಸಿರುಗುಪ್ಪದಿಂದ ಆಟೋದಲ್ಲಿ ತುಂಗಭದ್ರೆಯ ದಂಡೆಗೆ ಹೋದೆವು. ಭತ್ತ ಹಳದಿಗೆ ತಿರುಗಿತ್ತು. ಹೊಳೆ ತುಂಬ ನೀರು. ಅವ್ವ ಇದಕ್ಕೆ ದೊಡ್ಡ ಹೊಳಿ ಎಂದಷ್ಟೇ ಹೇಳುವುದು. ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತ ನಾನು ಪಾಠ ಮಾಡಿದೆ. ಮಲೆನಾಡಿನ ತುಂಗೆ ಮತ್ತು ಭದ್ರೆ ಕೂಡ್ಲಿಯಲ್ಲಿ ಕೂಡಿ ತುಂಗಭದ್ರೆ ಆಗುತ್ತದೆ. ಹೊಸಪೇಟೆಯ ಅಣೆಕಟ್ಟು ದಾಟಿ ಇಲ್ಲಿಗೆ ಬರುತ್ತದೆ. ಮುಂದೆ ಕೌತಾಳಂ ಕಡೆಗೆ ಹೋದರೆ ಇದೇ ಗಡಿ, ಒಂದು ದಂಡೆ ಕರ್ನಾಟಕ, ಒಂದು ದಂಡೆ ನಮ್ಮದು. ಮಂತ್ರಾಲಯ, ಕರ್ನೂಲು ದಾಟಿ ಕೃಷ್ಣೆಗೆ ಸೇರುತ್ತದೆ.

"ಇಬ್ರು ಕೂಡಿ ಇಬ್ರ ಹೆಸರೂ ಇಟಗೊಂಡಾರ, ಶಾಣ್ಯಾರು" ಎಂದಳು ಅವ್ವ. "ಕೃಷ್ಣಿಗಿ ಕೂಡಿದ ಮ್ಯಾಲ?"

"ಕೃಷ್ಣಾ ಅಂತನ ಕರೀತಾರ."

"ಅಲ್ಲಿ ಸೋತ್ರು ನೋಡು." ಎರಡನೆಯ ಉಡಿ ನೀರಿಗೆ ಹೋಯಿತು.

ನಾಲ್ಕು ಗಂಟೆಗೆ ಆದೋನಿ ಬಸ್ಸು ಸಿಕ್ಕಿತು. ಉಳಿದ ಒಂದು ಗಂಟನ್ನು ಅವ್ವ ಎರಡೂ ಕೈಯಲ್ಲಿ ಹಿಡಿದು ಕೂತಳು. ರಾರಾವಿಯ ಸೇತುವೆ ಬಂತು. ಅದೇ ಮರಳು, ಒಂದು ಮಗ್ಗುಲಿಗೆ ಅದೇ ನೀರು. ಪಕ್ಕದಲ್ಲಿ ಮೆಣಸಿನಕಾಯಿ ಚೀಲದ ಮೇಲೆ ಕಾಲಿಟ್ಟು ಕೂತಿದ್ದ ಯಜಮಾನರನ್ನು, "ಇದು ವೇದಾವತಿ ಅಲ್ಲೇನ್ರಿ?" ಎಂದು ಕೇಳಿದೆ.

"ಪುಸ್ತಕದಾಗ ಹಂಗ ಬರೀತಾರವ್ವ. ನಮಗ ಹಗರಿ. ಮೋಕಾ ಕಡಿಂದ ಬರತೈತಿ ಕದಾ."

ಬೆರಳು ಮಡಚಿ ಲೆಕ್ಕ ಹಾಕಿದೆ. ಬೆಳಿಗ್ಗೆ ಒಂದು ಸೇತುವೆಯ ಮೇಲೆ ಪಡುವಲಿಗೆ ಹೋದೆವು, ಈಗ ಇನ್ನೊಂದರ ಮೇಲೆ ಮೂಡಲಿಗೆ ಬರುತ್ತಿದ್ದೇವೆ. ನಾನು ಬರೆದ ಹಾಗೆ ಎರಡು ಹೊಳೆ ಇದ್ದರೆ ನಾಲ್ಕು ಸಲ ದಾಟಬೇಕಿತ್ತು. ದಾಟಿದ್ದು ಎರಡೇ ಸಲ. ನಕಾಶೆಯವರು ಹಗರಿಯನ್ನು ಬಿಟ್ಟಿರಲಿಲ್ಲ. ಅವರ ವೇದಾವತಿಯೇ ನಮ್ಮ ಹಗರಿ.

"ಅವ್ವ, ಒಂದ ಐತಿ" ಎಂದೆ. "ನಂದ ತಪ್ಪು. ಅವತ್ತು ಮಕ್ಕಳ ಮುಂದ ಅಂದಿದ್ದೂ ತಪ್ಪು."

"ಕಾರ್ಡಿನಾಗ ಹನುಮಂತಮ್ಮ ಅಂತ ಬರದ್ರ ನಾ ಇಬ್ರು ಆಗ್ತೀನೇನು? ಅಷ್ಟ ಐತಿ ಇದು." ಅವ್ವ ಗಂಟಿನ ಕಡೆ ನೋಡಿದಳು. "ಇದಕ್ಕ ಮುಂಜಾನಿ ಕೊಟ್ಟಾತು. ಮನಿಗಿ ಒಯ್ಯಂಗಿಲ್ಲ." ಬಸ್ಸು ಸೇತುವೆಯ ತುದಿಗೆ ಬಂದಿತ್ತು. "ವೇಲ್ ಒಡ್ಡು."

ಒಡ್ಡಿದೆ. ಅಕ್ಕಿ, ಕೊಬ್ಬರಿ, ಉತ್ತತ್ತಿ ಎಲ್ಲ ನನ್ನ ವೇಲಿನೊಳಗೆ ಸುರಿದಳು. "ಇಲ್ಲದ ಹೊಳಿ ಹುಟ್ಟಿಸಿದಾಕಿ ನೀನ. ಉಡಿ ನಿನಗ."

ಯಜಮಾನರು ನಕ್ಕರು, ನಾನೂ ನಕ್ಕೆ. ತಿರುಗಿ ನೋಡಿದಾಗ ಹಗರಿಯ ಮರಳಿನ ಮೇಲೆ ಸಂಜೆ ಬಿಸಿಲು ಬಿದ್ದಿತ್ತು.

ಆದೋನಿಯಲ್ಲಿ ಇಳಿದವಳೇ ಬಿಳಿ ಬಣ್ಣದ ಡಬ್ಬಿ ಕೊಂಡೆ. ಸೋಮವಾರ ಅವ್ವ ಶಾಲೆಗೆ ಬಂದು, ನಾನು ಯಾವ ಗೆರೆ ಅಳಿಸುತ್ತೇನೋ ಎಂದು ನೋಡುತ್ತ ನಿಂತಳು. ನಾನು ಎಳೆದ ಗೆರೆಯನ್ನೇ ಅಳಿಸಿದೆ. ಉಳಿದ ಗೆರೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹಗರಿ ಎಂದು ಬರೆದು, ಅದರ ಕೆಳಗೆ ಸಣ್ಣದಾಗಿ ವೇದಾವತಿ ಎಂದು ಬರೆದೆ. ಏನು ಬರೆದೆ ಎಂದು ಅವ್ವ ಕೇಳಿದಳು. ಮಕ್ಕಳೇ ಓದಿ ಹೇಳಿದರು.